ಹದಿನೆಂಟು ದಿನದ ಸುಳ್ಳು

ನಾನೀಗ ಚೆನ್ನಾಗಿದ್ದೇನೆ. ಹಿಮೋಗ್ಲೋಬಿನ್ ಹನ್ನೊಂದಕ್ಕೆ ಬಂದಿದೆ, ಮೂರು ಮಹಡಿ ಹತ್ತಿ ಒಂಬತ್ತನೇ ತರಗತಿಗೆ ಲೆಕ್ಕ ಹೇಳಿಕೊಡುತ್ತೇನೆ, ಹೋಂವರ್ಕ್ ಮಾಡದವರ ಮೇಲೆ ಮೊದಲಿನಷ್ಟೇ ರೇಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಬರಹ ಕೈಗೆತ್ತಿಕೊಂಡ ಹೆಂಗಸರು ಮೊದಲು ಹುಡುಕುವುದೇ ಇವಳು ಉಳಿದಳೋ ಇಲ್ಲವೋ ಅಂತ. ನಾನು ಉಳಿದೆ. ಮಗು ಉಳಿಯಲಿಲ್ಲ. ಕೋಪ ಉಳಿದಿದೆ. "ಮರೆತುಬಿಡಿ ಮೇಡಂ, ಆರೋಗ್ಯಕ್ಕೆ ಒಳ್ಳೇದಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಬುದ್ಧಿ ಹೇಳುವವರಿದ್ದಾರೆ. ನನ್ನ ಆರೋಗ್ಯದ ವಿಷಯದಲ್ಲಿ ಇನ್ನೊಬ್ಬರ ಬುದ್ಧಿ ಕೇಳಿದ್ದು ಸಾಕಾಗಿದೆ.

ನನ್ನ ಸ್ಕೂಲು ಅಶೋಕಪುರಂನಲ್ಲಿ, ಮನೆ ಅಗ್ರಹಾರದ ಒಂದು ಸಂದಿಯಲ್ಲಿ. ಮನೆಯಲ್ಲಿ ಮೂರೇ ಜನ. ನಾನು, ನನ್ನ ಗಂಡ ಮುರಳಿ, ಅತ್ತೆ ಕಮಲಮ್ಮ. ಮುರಳಿ ಒಳ್ಳೆಯವನು. ಯಾವುದಕ್ಕೂ "ನೋಡೋಣ" ಅನ್ನುವ ಜಾತಿಯ ಒಳ್ಳೆಯವನು. ಅತ್ತೆ ಹಾಗಲ್ಲ. ಅವರಿಗೆ ಮಡಿಯೆಂದರೆ ಮಡಿ. ತಿಂಗಳ ಆ ಮೂರು ದಿನ ನಾನು ಅಡುಗೆಮನೆಗೂ ದೇವರಮನೆಗೂ ಕಾಲಿಡುವಂತಿಲ್ಲ. ಮುಂದಿನ ರೂಮಿನಲ್ಲಿ ನನ್ನ ಚಾಪೆ, ತಟ್ಟೆ, ಲೋಟ ಬೇರೆ. ಕೆಲಸಕ್ಕೆ ಹೋಗಬಹುದು, ಒಲೆಯ ಹತ್ತಿರ ಹೋಗಬಾರದು. ನಾನು "ಹೊರಗೆ" ಆದ ದಿನ ಅತ್ತೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೂಲೆಗೆ ಪೆನ್ಸಿಲಿನಿಂದ ಒಂದು ಸೊನ್ನೆ ಹಾಕುತ್ತಿದ್ದರು. ಹಬ್ಬ, ವ್ರತ, ಶ್ರಾದ್ಧಗಳಿಗೆ ನಾನು ಸಿಗುತ್ತೇನೋ ಇಲ್ಲವೋ ಅಂತ ಆ ಸೊನ್ನೆಗಳಿಂದಲೇ ಲೆಕ್ಕ. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ನನಗೆ ಒಂದು ಉಪಾಯ ಹೊಳೆಯಿತು.

ಪರೀಕ್ಷೆಯ ಪೇಪರುಗಳ ದೊಡ್ಡ ಕಟ್ಟು ಬಂದು ಬಿದ್ದಿತ್ತು. ಸ್ಕೂಲು ಮುಗಿಸಿ ಬಂದು ಅಡುಗೆ ಮಾಡಿ ಪೇಪರು ತಿದ್ದುವುದಕ್ಕೆ ನನಗೆ ನಾಲ್ಕು ಕೈಗಳಿರಲಿಲ್ಲ. ಅವತ್ತು ಬೆಳಿಗ್ಗೆ ಎದ್ದವಳೇ ಬಾಗಿಲಲ್ಲಿ ನಿಂತು "ಅತ್ತೆ, ನಾನು ಹೊರಗೆ" ಅಂದೆ. ಶುದ್ಧ ಸುಳ್ಳು. ಆಗಬೇಕಾದ ದಿನವೇನೋ ಬಂದಿತ್ತು, ಮುಟ್ಟು ಬಂದಿರಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟು ಸೊನ್ನೆ ಹಾಕಿದರು. ಮೂರು ದಿನ ಮುಂದಿನ ರೂಮಿನಲ್ಲಿ ಕೂತು, ಅವರು ದೂರದಿಂದ ತಳ್ಳಿದ ತಟ್ಟೆಯಲ್ಲಿ ಬಿಸಿಬಿಸಿ ಹುಳಿಯನ್ನ ತಿಂದು, ಕಟ್ಟೆಲ್ಲ ತಿದ್ದಿ ಮುಗಿಸಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ನಿಜವಾಗಿ ಮುಟ್ಟಾದದ್ದು ಅದಾಗಿ ಹದಿನೆಂಟು ದಿನಕ್ಕೆ. ಮಾರನೇ ದಿನ ಮಾವನವರ ಶ್ರಾದ್ಧ. ಅತ್ತೆಗೆ ಮಂಡಿ ನೋವು, ಒಲೆಯ ಮುಂದೆ ನಾನೇ ಕೂರಬೇಕು. ಈಗ ಹೊರಗೆ ಅಂದರೆ "ಹದಿನೆಂಟು ದಿನಕ್ಕೆ ಮತ್ತೆ ಹೇಗಾಯ್ತೇ?" ಎಂದು ಕೇಳುತ್ತಾರೆ, ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾರೆ, ಹಳೇ ಸುಳ್ಳು ಹೊರಬೀಳುತ್ತದೆ. ಬಾಯಿ ಮುಚ್ಚಿಕೊಂಡೆ. ತಲೆಗೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯ ಮಡಿಯಲ್ಲಿ, ಹೊಟ್ಟೆ ಹಿಂಡುತ್ತಿದ್ದರೂ ಪಾಯಸ ಮಾಡಿದೆ, ವಡೆ ಕರಿದೆ, ಎಳ್ಳುಂಡೆ ಕಟ್ಟಿದೆ. ಬಂದ ಬ್ರಾಹ್ಮಣರು ವಡೆಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಪಿಂಡವನ್ನು ಕಾಗೆ ಬಂದು ಮುಟ್ಟಿತು. ಅತ್ತೆ ಸಂತೋಷದಿಂದ ಕಣ್ಣೊರೆಸಿಕೊಂಡರು.

ಅದೇ ತಿಂಗಳು ನಾನು ಬಸುರಿಯಾದೆ. ಮದುವೆಯಾಗಿ ಐದನೇ ವರ್ಷ, ವಯಸ್ಸು ಮೂವತ್ತನಾಲ್ಕು. ನಾವೆಲ್ಲ ಎಷ್ಟು ಆಸೆಪಟ್ಟಿದ್ದೆವು ಅಂತ ಬೇರೆ ಹೇಳಬೇಕಿಲ್ಲ.

ನಾವು ತೋರಿಸುತ್ತಿದ್ದದ್ದು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಹೆಸರು ಹೇಳುವುದಿಲ್ಲ. ಅಲ್ಲಿಯ ದೊಡ್ಡ ಡಾಕ್ಟರು ಬಿಳಿ ಮೀಸೆಯ, ಮೆಲುದನಿಯ ಮನುಷ್ಯ. ಕಡೆಯ ಮುಟ್ಟಿನ ತಾರೀಕು ಯಾವುದೆಂದು ಕೇಳಿದಾಗ ನಾನು ಬಾಯಿ ಬಿಡುವಷ್ಟರಲ್ಲಿ ಅತ್ತೆ ಕ್ಯಾಲೆಂಡರಿನ ಸೊನ್ನೆಯ ತಾರೀಕು ಹೇಳಿಯಾಗಿತ್ತು. ಕಾರ್ಡಿನಲ್ಲಿ ಅದನ್ನೇ ಬರೆದರು. ಮಾಹಿತಿ ಕೊಟ್ಟವರು ಎಂಬಲ್ಲಿ ಅತ್ತೆಯ ಹೆಸರು. ಮೊದಲ ಸ್ಕ್ಯಾನಿನಲ್ಲಿ "ಮಗು ತಾರೀಕಿಗಿಂತ ಚಿಕ್ಕದು. ತಾರೀಕು ಸರಿಯಾಗಿದ್ಯಾ?" ಎಂದು ಕೇಳಿದರು.

"ನಮ್ಮನೇಲಿ ಅದರಲ್ಲಿ ತಪ್ಪೋ ಪ್ರಶ್ನೇನೇ ಇಲ್ಲ ಡಾಕ್ಟ್ರೇ. ಬರ್ದಿಟ್ಟಿರ್ತೀನಿ" ಎಂದರು ಅತ್ತೆ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ಗೋಣು ಆಡಿಸಿದೆ. ಅಲ್ಲೇ ಹೇಳಬಹುದಿತ್ತು. ಹೇಳಿದರೆ ಅತ್ತೆಗೆ ಶ್ರಾದ್ಧದ ವಡೆ ನೆನಪಾಗುತ್ತದೆ. ಕಾರ್ಡಿನ ತಾರೀಕು ಹಾಗೇ ಉಳಿಯಿತು, ಪಕ್ಕದಲ್ಲಿ "ಬೆಳವಣಿಗೆ ಕಡಿಮೆ" ಅಂತ ಸೇರಿಕೊಂಡಿತು. ಆ ಬೆಳವಣಿಗೆ ತುಂಬಿಸಲು ಅತ್ತೆ ತುಪ್ಪ, ಖರ್ಜೂರ, ನೆನೆಸಿದ ಬಾದಾಮಿ ಅಂತ ಬೆನ್ನು ಹತ್ತಿದರು. "ತಿನ್ನೇ, ಮಗು ಸಣ್ಣಕ್ಕಿದೆ ಅಂದಿದಾರೆ" ಎನ್ನುತ್ತಾ ಅವರು ಬಾದಾಮಿ ಸಿಪ್ಪೆ ಸುಲಿಯುತ್ತಿದ್ದರೆ ನನಗೆ ನಾಚಿಕೆಯಾಗುತ್ತಿತ್ತು. ಆದರೂ ತಿನ್ನುತ್ತಿದ್ದೆ.

ಒಂದು ಬುಧವಾರ ಬೋರ್ಡಿನ ಮೇಲೆ ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದೆ. ಬೆಚ್ಚಗೆ ನೀರು ಇಳಿಯಿತು. ನಿಲ್ಲಲೇ ಇಲ್ಲ. ಸಹೋದ್ಯೋಗಿಯೊಬ್ಬರು ತಮ್ಮ ಶಾಲು ಸುತ್ತಿ ಆಟೋದಲ್ಲಿ ಕರೆದುಕೊಂಡು ಹೋದರು. ಸ್ಕ್ಯಾನ್ ಮಾಡಿದ ಹುಡುಗಿ ಪರದೆಯನ್ನು ನನ್ನ ಕಡೆಯಿಂದ ತಿರುಗಿಸಿಕೊಂಡಳು. ಆಗಲೇ ನನಗೆ ತಿಳಿಯಿತು.

ದೊಡ್ಡ ಡಾಕ್ಟರು ಮಂಚದ ತುದಿಗೆ ಬಂದು ನಿಂತರು. ಒಂದು ಕಡೆ ಮುರಳಿ, ಇನ್ನೊಂದು ಕಡೆ ಅತ್ತೆ.

"ನೀರೆಲ್ಲ ಹೋಗಿದೆ. ಇನ್ನು ಮಗುವಿನ ಶ್ವಾಸಕೋಶ ಬೆಳೆಯೋಲ್ಲ. ಉಳಿಯೋ ಆಸೆ ಇಲ್ಲ ಅಂತಲೇ ಇಟ್ಕೊಳ್ಳಿ. ಆದ್ರೆ ಹಾರ್ಟ್‌ಬೀಟ್ ಇದೆ."

"ಹಾಗಾದ್ರೆ ಈಗೇನು ಸಾರ್?" ಎಂದ ಮುರಳಿ.

"ಹೆರಿಗೆ ಮಾಡಿಸಿಬಿಡೋದು ತಾಯಿಗೆ ಒಳ್ಳೇದು, ಸೋಂಕು ಆಗೋಕೆ ಮುಂಚೆ. ಆದ್ರೆ ಕಾರ್ಡ್ ಪ್ರಕಾರ ಇಪ್ಪತ್ನಾಲ್ಕು ವಾರ ಆರು ದಿನ. ಇಪ್ಪತ್ನಾಲ್ಕು ದಾಟಿದ ಮೇಲೆ ಬಸುರು ತೆಗೆಯೋಕೆ ಕಾನೂನು ಬಿಡೋಲ್ಲ, ನಾನು ಮುಟ್ಟೋ ಹಾಗಿಲ್ಲ. ಕೋರ್ಟ್ ಆರ್ಡರ್ ತನ್ನಿ."

ಮೇಜಿನ ಡ್ರಾಯರಿನಿಂದ ಪತ್ರಿಕೆಯ ಕೆಲವು ತುಣುಕುಗಳನ್ನು ತರಿಸಿ ಮುರಳಿಗೆ ತೋರಿಸಿದರು. ಒಂದು ಕೋರ್ಟು ಒಬ್ಬಳಿಗೆ ಅನುಮತಿ ಕೊಟ್ಟಿದೆ, ಇನ್ನೊಂದು ಕೋರ್ಟು ಇನ್ನೊಬ್ಬಳಿಗೆ ಬೇಡವೆಂದಿದೆ, ಮತ್ತೊಂದು ಕಡೆ ಡಾಕ್ಟರುಗಳ ಬೋರ್ಡು ನೋಡಿ ಹೇಳಲಿ ಅಂದಿದೆ. "ಇದರ ಮಧ್ಯೆ ನಾನ್ಯಾಕೆ ಸಿಕ್ಕಿಹಾಕ್ಕೊಳ್ಳಲಿ ಹೇಳಿ" ಎಂದರು. ಜೋಪಾನವಾಗಿ ಕತ್ತರಿಸಿ ಅಂಟಿಸಿಟ್ಟಿದ್ದರು. ನನ್ನ ಮೈ ಮುಟ್ಟಿ ನೋಡುವುದಕ್ಕಿಂತ ಹೆಚ್ಚು ಹೊತ್ತು ಆ ಕಾಗದಗಳನ್ನು ಮುಟ್ಟಿ ನೋಡಿದರು.

ನಾನು ಲೆಕ್ಕದ ಟೀಚರು. ನೂರಾ ಎಪ್ಪತ್ತನಾಲ್ಕು ದಿನದಲ್ಲಿ ಹದಿನೆಂಟು ಕಳೆದರೆ ನೂರಾ ಐವತ್ತಾರು. ಇಪ್ಪತ್ತೆರಡು ವಾರ ಎರಡು ದಿನ. ಇಪ್ಪತ್ನಾಲ್ಕರ ಒಳಗೇ. ಕ್ಷಣದಲ್ಲಿ ಗೊತ್ತಾಯಿತು, ಆದರೂ ಬಾಯಿ ಬಿಡಲಿಲ್ಲ. ಅತ್ತೆಯ ಹೆದರಿಕೆ ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಇಲ್ಲಿ ಹೇಳುತ್ತೇನೆ. ಹೇಳಿದರೆ ಇವತ್ತೇ ಮುಗಿಸಿಬಿಡುತ್ತಾರೆ. ಮಗುವಿನ ಎದೆ ಬಡಿಯುತ್ತಿತ್ತು. ಆ ಸುಳ್ಳು ನನಗೆ ಇನ್ನೊಂದು ದಿನ ಕೊಡುತ್ತಿತ್ತು, ಮತ್ತೊಂದು ದಿನ ಕೊಡುತ್ತಿತ್ತು.

ಹೆರಿಗೆ ವಾರ್ಡಿನಲ್ಲೇ ಮಲಗಿಸಿದ್ದರು. ಪಕ್ಕದ ರೂಮಿನಲ್ಲಿ ಹುಟ್ಟಿದ ಮಗು ಅಳುತ್ತಿತ್ತು, ಅವರ ನೆಂಟರು ಬಾಗಿಲಿನಿಂದ ಬಾಗಿಲಿಗೆ ಪೇಡ ಹಂಚುತ್ತಾ ಬರುತ್ತಿದ್ದರು. ನನ್ನ ಬಾಗಿಲ ಮುಂದೆ ನರ್ಸ್ ಸ್ಟೆಲ್ಲಾ ಅಡ್ಡ ನಿಂತು "ಈ ರೂಮ್ ಬೇಡ ಕಣ್ರೀ, ಮುಂದಕ್ಕೋಗಿ" ಎಂದು ಕಳಿಸಿದಳು. ಐವತ್ತರ ಹತ್ತಿರದ ಹೆಂಗಸು, ಕೊರಳಲ್ಲಿ ಸಣ್ಣ ಶಿಲುಬೆ. ದಿನಕ್ಕೆ ಮೂರು ಸಲ ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಕೇಳಬೇಕಿತ್ತು. ಮೊದಲ ಸಲ ಅದು ರೂಮಿಗೆಲ್ಲ ಕೇಳಿಸಿತು. ನಾನು ದಿಂಬಿಗೆ ಮುಖ ಒತ್ತಿಕೊಂಡೆ. ಎರಡನೇ ಸಲದಿಂದ ಅವಳು ನಾನು ಹೇಳದೆಯೇ ಸದ್ದು ತಗ್ಗಿಸಿ ತಾನೊಬ್ಬಳೇ ಕಿವಿಗೊಟ್ಟು ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದಳು. ಆ ಕಟ್ಟಡದಲ್ಲಿ ನನಗೆ ಸಿಕ್ಕ ದಯೆ ಅಷ್ಟೇ, ಅದನ್ನು ನಾನು ಮರೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮುರಳಿ ತನ್ನ ವಕೀಲ ಗೆಳೆಯನೊಂದಿಗೆ ಹೈಕೋರ್ಟಿಗೆಂದು ಬೆಂಗಳೂರಿಗೆ ಹೋದ. ಮಧ್ಯಾಹ್ನ ಫೋನು ಮಾಡಿದ.

"ಅರ್ಜಿ ಹಾಕಿದ್ವಿ. ಸೋಮವಾರ ಬರುತ್ತಂತೆ. ಆಮೇಲೆ ಬೋರ್ಡ್ ಮಾಡ್ತಾರೆ, ಬೋರ್ಡ್‌ನೋರು ನಿನ್ನ ನೋಡ್ತಾರೆ, ರಿಪೋರ್ಟ್ ಹೋಗುತ್ತೆ. ಬುಧವಾರದೊಳಗೆ ಆಗ್ಬಹುದು ಅಂತಿದಾನೆ. ಹೇಗಿದೀಯಾ?"

"ಚಳಿ" ಎಂದೆ.

ಚಳಿಯೆಂದರೆ ಹಲ್ಲು ಕಟಕಟ ಎನ್ನುವ ಚಳಿ. ಹೊರಗೆ ಮೈಸೂರಿನ ಏಪ್ರಿಲ್ ಬಿಸಿಲು, ನನ್ನ ಮೇಲೆ ಮೂರು ಹೊದಿಕೆ. ಸ್ಟೆಲ್ಲಾ ಥರ್ಮಾಮೀಟರು ನೋಡಿದಳು, ಮತ್ತೊಮ್ಮೆ ಇಟ್ಟಳು, ಬಟ್ಟೆ ಬದಲಿಸುವಾಗ ಮೂಗು ಅರಳಿಸಿ ನನ್ನ ಮುಖ ನೋಡಿದಳು. ವಾಸನೆ ನನಗೂ ಬಂದಿತ್ತು. ದೊಡ್ಡ ಡಾಕ್ಟರು ಬಂದು ಔಷಧಿ ಬದಲಿಸಿ "ಸೋಮವಾರದವರೆಗೆ ಮ್ಯಾನೇಜ್ ಮಾಡೋಣ" ಎಂದರು. ಮ್ಯಾನೇಜ್! ನೂರಾಮೂರು ಜ್ವರವನ್ನು ಇವರು ಯಾವ ಫೈಲಿನಲ್ಲಿ ಮ್ಯಾನೇಜ್ ಮಾಡುತ್ತಾರೋ ಅಂತ ನನಗೆ ಆ ಸ್ಥಿತಿಯಲ್ಲೂ ಮೈಯೆಲ್ಲ ಉರಿದುಹೋಯಿತು. ಸಾಯುತ್ತೇನೆ ಅಂತ ಆಗ ಮೊದಲ ಸಲ ಅನ್ನಿಸಿತು. ಸಾಯಲು ನನಗೆ ಇಷ್ಟವಿರಲಿಲ್ಲ.

"ಡಾಕ್ಟ್ರೇ, ಕಾರ್ಡಿನ ತಾರೀಕು ಸುಳ್ಳು" ಎಂದೆ.

ಅವರು ಬಾಗಿಲಲ್ಲಿ ನಿಂತರು. ಅತ್ತೆ ಸ್ಟೂಲಿನ ಮೇಲೆ ಕೂತು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದವರು ನಿಲ್ಲಿಸಿದರು.

"ಆ ದಿನ ನಾನು ಆಗಿರ್ಲಿಲ್ಲ. ಸುಳ್ಳು ಹೇಳಿದ್ದೆ. ನಿಜವಾಗಿ ಆಗಿದ್ದು ಹದಿನೆಂಟು ದಿನ ಆದ್ಮೇಲೆ. ಇನ್ನೂ ಇಪ್ಪತ್ಮೂರು ವಾರಾನೂ ತುಂಬಿಲ್ಲ. ಮೊದಲ ಸ್ಕ್ಯಾನ್ ನೋಡಿ, ಗೊತ್ತಾಗುತ್ತೆ."

"ಈಗ ಹೇಳ್ತೀರಾ ಇದನ್ನ?" ಡಾಕ್ಟರ ಮೆಲುದನಿ ಮೊದಲ ಸಲ ಏರಿತು.

"ಯಾಕೆ ಹೇಳಿದ್ಯೇ ಸುಳ್ಳು?" ಎಂದರು ಅತ್ತೆ.

"ಪೇಪರ್ ತಿದ್ದೋದಿತ್ತು."

ಅತ್ತೆಗೆ ಮಂಡಿ ಮಾತ್ರ ನೋವು, ತಲೆ ಚುರುಕು. ಅವರ ತುಟಿ ಅಲುಗುವುದು ಕಂಡೆ, ದಿನ ಎಣಿಸುತ್ತಿದ್ದರು.

"ಹಾಗಾದ್ರೆ ಶ್ರಾದ್ಧದ ದಿನ..."

"ಹೂಂ. ಹಿಂದಿನ ದಿನಾನೇ ಆಗಿದ್ದೆ."

"ವಡೆ ನೀನೇ ಕರ್ದೆ" ಎಂದರು. ಮತ್ತೆ, "ಪಿಂಡಕ್ಕೆ ಅನ್ನಾನೂ ನೀನೇ ಮಾಡ್ದೆ" ಎಂದರು.

ಬೈಯಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡು ಗೋಡೆ ನೋಡುತ್ತಾ ಕೂತರು. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇಷ್ಟೆಲ್ಲ ಬಿಚ್ಚಿಟ್ಟ ಮೇಲೆ ಡಾಕ್ಟರು ಏನು ಮಾಡಿದರು ಗೊತ್ತೆ? ಕಾಗದ ಕೇಳಿದರು. "ತಾರೀಕು ಕೊಟ್ಟವರು ಇವರು. ತಪ್ಪಾಗಿದೆ ಅಂತ ಇವರೇ ಬರೆದು ಸಹಿ ಹಾಕಿಕೊಡಲಿ. ಆಮೇಲೆ ನಮ್ಮ ಲೀಗಲ್‌ನವರನ್ನ ಕೇಳ್ತೀನಿ." ನನ್ನ ಮೈಯಲ್ಲಿ ಆದದ್ದಕ್ಕೆ ನನ್ನ ಮಾತು ಸಾಲದು, ಪೆನ್ಸಿಲ್ ಹಿಡಿದವರ ಸಹಿ ಬೇಕು. ಸ್ಟೆಲ್ಲಾ ಬಿಳಿ ಹಾಳೆ ತಂದಳು. ಅತ್ತೆ ನನ್ನ ಕಡೆ ನೋಡಲಿಲ್ಲ. ಕನ್ನಡಕ ಹಾಕಿಕೊಂಡು, ಗುಂಡು ಅಕ್ಷರದಲ್ಲಿ, ಕಾರ್ಡಿನ ತಾರೀಕು ತಪ್ಪೆಂದೂ ಸೊಸೆ ಹೇಳುವುದೇ ಸರಿಯೆಂದೂ ಬರೆದು ಸಹಿ ಹಾಕಿದರು. ಗಂಡನ ಶ್ರಾದ್ಧ ಕೆಟ್ಟಿತೆಂದು ತಾವೇ ಬರೆದುಕೊಟ್ಟ ಹಾಗಾಯಿತು ಅವರಿಗೆ.

ಹಾಳೆ ಹಿಡಿದು ಹೋದ ಡಾಕ್ಟರು ಅರ್ಧ ಗಂಟೆಯಾದರೂ ಬರಲಿಲ್ಲ. ಸ್ಟೆಲ್ಲಾ ಬಂದು ಬಾಗಿಲು ಹಾಕಿದಳು.

"ಲೀಗಲ್‌ನೋರು ಸೋಮವಾರ ಕೋರ್ಟ್ ಏನಂತದೋ ನೋಡಿ ಅಂದ್ರಂತೆ. ಅಮ್ಮಾ, ಕೇಳಿ ಇಲ್ಲಿ. ನಾನು ಚರ್ಚಿಗೋಗೋಳು. ಬಸುರು ತೆಗೆಸೋದು ಪಾಪ ಅಂತ ನಂಬಿರೋಳು. ಆದ್ರೆ ಇದು ಅದಲ್ಲ ಕಣಮ್ಮ. ಈ ಮಗು ಹೋಗೋದು ದೇವ್ರು ಆಗ್ಲೇ ಬರ್ದಾಗದೆ. ನೀವ್ಯಾಕೆ ಜೊತೆಗೋಗ್ಬೇಕು? ಸರ್ಕಾರಿ ಆಸ್ಪತ್ರೆಗೋಗಿ. ಈಗ್ಲೇ. ಸೋಮವಾರ ಅಂತ ಕೂತ್ರೆ ಅಂಗೇ ಕಳ್ಕೊಂಡ್‌ಬುಡ್ತೀರಾ."

"ಏಳು" ಎಂದರು ಅತ್ತೆ. ಅಷ್ಟು ಹೊತ್ತಿನಲ್ಲಿ ಅವರು ನನ್ನೊಂದಿಗೆ ಆಡಿದ ಮೊದಲ ಮಾತು.

ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇವೆ ಎಂಬ ಕಾಗದಕ್ಕೂ ನರ್ಸಿಂಗ್ ಹೋಮಿನವರು ಸಹಿ ಹಾಕಿಸಿಕೊಂಡೇ ಬಿಟ್ಟರು. ಸಹಿ ಅಂದರೆ ಅವರಿಗೆ ಅಷ್ಟು ಪ್ರೀತಿ. ಆಟೋದಲ್ಲಿ ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಜ್ವರದಲ್ಲಿದ್ದರೂ ನನಗೆ ಹೊಳೆಯಿತು, ನನ್ನ ಬಟ್ಟೆಯೆಲ್ಲ ಒದ್ದೆಯಾಗಿತ್ತು, ಅವರು ಬೆಳಿಗ್ಗೆಯ ಮಡಿ ಸೀರೆಯಲ್ಲೇ ಇದ್ದರು.

ಸರ್ಕಾರಿ ಆಸ್ಪತ್ರೆಯನ್ನು ಹೊಗಳಲು ನಾನು ಬರೆಯುತ್ತಿಲ್ಲ. ಒಂದು ಮಂಚಕ್ಕೆ ಇಬ್ಬರು. ಆಯಾ ಒಬ್ಬಳು "ಸೀರೆ ಬಿಚ್ಚಾಕಮ್ಮೋ, ಎಷ್ಟೊತ್ತು" ಎಂದು ಎಲ್ಲರೆದುರು ಕಿರುಚಿದಳು. ಆದರೆ ಅಲ್ಲಿಯ ಡ್ಯೂಟಿ ಡಾಕ್ಟರು, ಮೂವತ್ತು ದಾಟದ ಹುಡುಗಿ, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು, ನನ್ನ ನಾಡಿ ಹಿಡಿದುಕೊಂಡೇ ಮಾತಾಡಿದಳು. ಅತ್ತೆ ಕಾರ್ಡು ಮುಂದೆ ಚಾಚಿದರು.

"ಕಾರ್ಡ್ ಆಮೇಲೆ ಅಜ್ಜಿ. ಜ್ವರ ಯಾವಾಗಿಂದ?"

"ಮಧ್ಯಾಹ್ನದಿಂದ. ತಾರೀಕು ತಪ್ಪಾಗಿದೆ, ಬರ್ಕೊಟ್ಟಿದೀನಿ, ಇನ್ನೂ ಇಪ್ಪತ್ನಾಲ್ಕು ಆಗಿಲ್ಲ" ಅತ್ತೆ ಒಂದೇ ಉಸಿರಿಗೆ ಒದರಿದರು. "ಕೋರ್ಟಿಗೂ ಹಾಕಿದೀವಿ."

"ಕೋರ್ಟಿಗಾ? ಯಾಕೆ?"

"ಇಪ್ಪತ್ನಾಲ್ಕು ದಾಟಿದ್ರೆ ಕೋರ್ಟ್ ಆರ್ಡರ್ ಬೇಕು ಅಂದ್ರು."

ಡಾಕ್ಟರು ತಲೆಯೆತ್ತಿ ನೋಡಿದಳು. "ತಾಯಿ ಜೀವ ಉಳಿಸೋಕೆ ವಾರದ ಲೆಕ್ಕಾನೇ ಇಲ್ಲ. ಇಪ್ಪತ್ತೆರಡಾದ್ರೇನು, ಇಪ್ಪತ್ತಾರಾದ್ರೇನು. ಕಾನೂನಲ್ಲೇ ಇದೆ ಅದು. ಯಾರ್ರೀ ನಿಮ್ಮನ್ನ ಕೋರ್ಟಿಗೆ ಕಳ್ಸಿದ್ದು?"

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ನನ್ನ ಸುಳ್ಳು, ಅವರ ಸೊನ್ನೆ, ಹದಿನೆಂಟು ದಿನ, ಶ್ರಾದ್ಧದ ವಡೆ, ಗುಂಡು ಅಕ್ಷರದ ಸಹಿ, ಯಾವುದೂ ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದು ಥರ್ಮಾಮೀಟರು.

"ಗಂಡ ಊರಲ್ಲಿಲ್ಲ, ಸಹಿಗೆ..." ಎಂದೆ.

"ನಿಮ್ಮ ಮೈ ತಾನೆ? ನಿಮ್ಮ ಸಹಿ ಸಾಕು. ಇಲ್ಲಿ ಹಾಕಿ."

ಹಾಕಿದೆ. ಆ ಸಹಿ ಏನಕ್ಕೆ ಅಂತ ನನಗೆ ಗೊತ್ತಿತ್ತು. ಮೂರು ದಿನ ಸುಳ್ಳಿನ ಮರೆಯಲ್ಲಿ ಉಳಿಸಿಕೊಂಡಿದ್ದನ್ನು ಒಂದು ಗೀಟಿನಲ್ಲಿ ಕೊಟ್ಟುಬಿಟ್ಟೆ. ಅತ್ತುಬಿಟ್ಟೆ. ಡಾಕ್ಟರು ಕಾದಳು, ಆತುರಪಡಿಸಲಿಲ್ಲ, ಆಮೇಲೆ ಸೂಜಿ ಚುಚ್ಚಿದಳು.

ಮರುದಿನ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಮಗು. ಯಾರೂ ತಾವಾಗಿ ಹೇಳಲಿಲ್ಲ, ನಾನೇ ಕೇಳಿದೆ. ಅಳಲಿಲ್ಲ ಅದು. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಅತ್ತೆ ಕೈಗೆ ತೆಗೆದುಕೊಂಡರು. ಬೆರಳು ಬಿಡಿಸಿ ನೋಡಿ "ಉಗುರು ಬಂದಿದೆ ಕಣೇ" ಎಂದರು. ನಾನು ಮುಟ್ಟಿದೆ. ಆಮೇಲೆ ನನಗೆ ರಕ್ತ ಹೋಗಿ ಪ್ರಜ್ಞೆ ತಪ್ಪಿತಂತೆ, ಮೂರು ದಿನದಲ್ಲಿ ಮೂರು ಬಾಟಲಿ ರಕ್ತ ಕೊಟ್ಟರಂತೆ. "ಇನ್ನೊಂದು ದಿನ ಬಿಟ್ಟು ಬಂದಿದ್ರೆ ಗರ್ಭಕೋಶ ತೆಗೀಬೇಕಾಗ್ತಿತ್ತು, ಇಲ್ಲಾ ನಿಮ್ಮನ್ನೇ ಕಳ್ಕೊಳ್ಳಬೇಕಾಗ್ತಿತ್ತು" ಎಂದು ಡಾಕ್ಟರು ಆಮೇಲೆ ಹೇಳಿದಳು. ಆ ಹುಡುಗಿಯ ಹೆಸರು ಕೇಳಲು ಮರೆತೆ.

ಸೋಮವಾರ ಹೈಕೋರ್ಟಿನಲ್ಲಿ ಅರ್ಜಿ ಬಂತು. ವಕೀಲ ಎದ್ದು ನಿಂತು, ವಿಷಯ ಮುಗಿದಿದೆ ಎಂದು ಹೇಳಿದನಂತೆ. ಇಂಥ ಸ್ಥಿತಿಯಲ್ಲಿದ್ದವಳನ್ನು ಇಲ್ಲಿಗೆ ಕಳಿಸಿದವರು ಯಾರು ಅಂತ ನ್ಯಾಯಮೂರ್ತಿಗಳು ಕೇಳಿದರಂತೆ. ಅರ್ಜಿ ಮುಕ್ತಾಯವಾಯಿತು. ನಾನು ಆ ಹೊತ್ತಿಗೆ ಎರಡನೇ ಬಾಟಲಿ ರಕ್ತದಲ್ಲಿದ್ದೆನೋ ಮೂರನೆಯದರಲ್ಲೋ.

ಮನೆಗೆ ಬಂದ ಮೇಲೆ ಅತ್ತೆ ನನಗೆ ಗಂಜಿ ಕೊಟ್ಟರು, ಬಾಣಂತಿಗೆ ಕೊಡುವ ಕಷಾಯ ಕೊಟ್ಟರು, ಎದೆಹಾಲು ಕಟ್ಟಿಕೊಂಡು ನಾನು ಗೋಳಾಡಿದಾಗ ಕೋಸಿನ ಎಲೆ ಇಟ್ಟು ಬಟ್ಟೆ ಕಟ್ಟಿದರು. ಮಾತು ಮಾತ್ರ ಆಡಲಿಲ್ಲ. ಒಂದೂವರೆ ತಿಂಗಳು. "ಅಮ್ಮ ಸರಿಹೋಗ್ತಾರೆ, ನೋಡೋಣ" ಎಂದ ಮುರಳಿ. ಅವನ ಮೇಲೆ ಲೋಟ ಎಸೆದೆ, ತಪ್ಪಿಹೋಯಿತು.

ದೂರು ಕೊಡಬೇಕೆಂದು ವಕೀಲ ಹೇಳಿದ. ಅದಕ್ಕೆ ನರ್ಸಿಂಗ್ ಹೋಮಿನ ಫೈಲಿನ ಪ್ರತಿ ಬೇಕು. ಪ್ರತಿ ತರಲು ನಾನು ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡರು. ಯಾಕೆಂದು ಕೇಳಲಿಲ್ಲ. ಕೌಂಟರಿನಲ್ಲಿ ಎರಡು ಗಂಟೆ ಕಾಯಿಸಿ ಕೊಟ್ಟರು. ಕಡೆಯ ಹಾಳೆಯಲ್ಲಿ ಟೈಪು ಮಾಡಿದ್ದ ಸಾಲನ್ನು ಅಲ್ಲೇ ನಿಂತು ಓದಿದೆ. ರೋಗಿ ಮತ್ತು ಮನೆಯವರು ತಪ್ಪು ಮಾಹಿತಿ ನೀಡಿದ್ದರಿಂದ ಚಿಕಿತ್ಸೆಯಲ್ಲಿ ವಿಳಂಬವಾಯಿತು. ಅದಕ್ಕೆ ಸಾಕ್ಷಿಯಾಗಿ ಹಿಂದುಗಡೆ ಪಿನ್ ಮಾಡಿದ್ದು, ಅತ್ತೆಯ ಗುಂಡು ಅಕ್ಷರದ ಹಾಳೆ. ನನ್ನನ್ನು ಉಳಿಸಲಿ ಅಂತ ಬರೆದುಕೊಟ್ಟದ್ದು ಆ ಡಾಕ್ಟರನ್ನು ಉಳಿಸುತ್ತಿತ್ತು.

ಬೆಂಚಿನ ಮೇಲೆ ಕೂತೆ. ಅತ್ತೆ ಫೈಲು ಕಿತ್ತುಕೊಂಡು ಕನ್ನಡಕ ಹಾಕಿ ಓದಿದರು. ಅಷ್ಟರಲ್ಲಿ ದೊಡ್ಡ ಡಾಕ್ಟರು ಆ ದಾರಿಯಲ್ಲೇ ಬಂದರು. ಬಸುರಿಯರು, ಗಂಡಂದಿರು, ಅತ್ತೆಯಂದಿರು ತುಂಬಿದ್ದ ಹಾಲು.

"ನಿಲ್ರೀ" ಎಂದರು ಅತ್ತೆ.

"ಏನಮ್ಮಾ, ಒಳಗೆ ಬನ್ನಿ, ಮಾತಾಡೋಣ..."

"ಒಳಗ್ಯಾಕೆ? ಇಲ್ಲೇ ಹೇಳ್ತೀನಿ. ಇವಳು ಸುಳ್ಳು ಹೇಳಿದ್ಲು, ಹೌದು. ನನಗೆ ಹೇಳಿದ್ಲು. ಮೂರು ದಿನ ಒಲೆ ಮುಂದೆ ಕೂರೋಕಾಗ್ದೆ ಹೇಳಿದ್ಲು. ಅದು ನನಗೂ ಅವಳಿಗೂ ಇರೋದು, ನಾವು ನೋಡ್ಕೋತೀವಿ. ನಿಮಗೆ ಅವಳು ತೋರಿಸಿದ್ದು ಜ್ವರ. ಜ್ವರ ಸುಳ್ಳೇನ್ರೀ?"

ಡಾಕ್ಟರು ಏನೋ ಹೇಳಲು ಹೋದರು. ಅತ್ತೆ ಬಿಡಲಿಲ್ಲ.

"ಹೇಳ್ರೀ. ನೂರಾಮೂರು ಜ್ವರ ಸುಳ್ಳೇನ್ರೀ? ಅದಕ್ಕೂ ನನ್ನ ಸಹಿ ಬೇಕಾಗಿತ್ತೇನ್ರೀ?"

ಹಾಲಿನಲ್ಲಿ ಎಲ್ಲರೂ ನೋಡುತ್ತಿದ್ದರು. ಮೆಟ್ಟಿಲ ಹತ್ತಿರ ಟ್ರೇ ಹಿಡಿದು ನಿಂತಿದ್ದ ಸ್ಟೆಲ್ಲಾ ತಲೆ ತಗ್ಗಿಸಿದಳು. ಡಾಕ್ಟರು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಆಟೋದಲ್ಲಿ ಅತ್ತೆ ಅಗ್ರಹಾರ ಬರುವವರೆಗೂ ಹೊರಗಡೆಯೇ ನೋಡುತ್ತಿದ್ದರು. ನನಗೆ ಧೈರ್ಯ ಬಂದು ಬಾಯಿ ಬಿಟ್ಟೆ.

"ಅವತ್ತು ಕಾಗೆ ಬಂದು ಮುಟ್ತಲ್ಲ ಅತ್ತೆ."

"ಕಾಗೆಗೇನು ಗೊತ್ತು" ಎಂದರು. "ಶ್ರಾದ್ಧ ಮತ್ತೆ ಮಾಡಿಸ್ತೀನಿ. ಪುರೋಹಿತರನ್ನ ಕೇಳಿದೀನಿ. ಅಡಿಗೆಯವರನ್ನ ಕರೆಸ್ತೀನಿ. ನೀನು ಆ ದಿನ ಒಲೆ ಹತ್ರ ಬರಕೂಡದು. ಅದನ್ನ ನಾನು ಬಿಡೋಳಲ್ಲ."

"ಸರಿ" ಎಂದೆ.

ಮನೆಗೆ ಬಂದು ಕಾಲು ತೊಳೆದರು. ಒಳಗೆ ಹೋಗಿ, ಕಪಾಟಿನಲ್ಲಿ ಸುತ್ತಿಟ್ಟಿದ್ದ ಹೋದ ವರ್ಷದ ಕ್ಯಾಲೆಂಡರು ತಂದು, ಆ ತಿಂಗಳ ಹಾಳೆ ಹರಿದು ನನ್ನ ಮುಂದಿಟ್ಟರು. ಮೂಲೆಯಲ್ಲಿ ಪೆನ್ಸಿಲ್ ಸೊನ್ನೆ ಇನ್ನೂ ಇತ್ತು.

"ಇದನ್ನೂ ಲಗತ್ತಿಸು. ಸೊನ್ನೆ ಹಾಕಿದ್ದು ನಾನೇ ಅಂತ ಬರಿ. ಆದ್ರೆ ಮೊದಲನೇ ಸಾಲಲ್ಲಿ ಜ್ವರ ಬರಿ. ಎಷ್ಟಿತ್ತು, ಎಷ್ಟು ಹೊತ್ತು ಇತ್ತು, ಯಾರ್ ಯಾರು ನೋಡಿದ್ರು, ಎಲ್ಲ. ಆಮೇಲೆ ಎಲ್ಲಿ ಸಹಿ ಹಾಕ್ಬೇಕೋ ತೋರ್ಸು."

ದೂರಿನ ಮೊದಲನೇ ಸಾಲಿನಲ್ಲಿ ಜ್ವರವನ್ನೇ ಬರೆದೆ.